ಹೊಸ ಡ್ರೈವು, ಅತ್ತೆಯ ಕಾಲ್ಗುಣ

ಬಿಟರ್ನ್ ಕ್ರೀಕ್ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಮರ್ವಿನ್ ಪಾವ್ಲಿಕ್ ಎಂದರೆ ಕುರ್ಚಿ ಮಡಿಸುವವನು. ಸಭೆ ಮುಗಿಯಿತೆಂದರೆ ಎಲ್ಲರೂ ಮರ್ವಿನ್‌ನ ಮುಖ ನೋಡುತ್ತಿದ್ದರು, ಮರ್ವಿನ್ ಕುರ್ಚಿಗಳ ಮುಖ ನೋಡುತ್ತಿದ್ದ. ಮೀಸೆ ನರೆಯುವವರೆಗೂ ಹೀಗೇ ನಡೆದುಬಂದಿತ್ತು. ಅಂಥವನಿಗೆ ಈ ಚಳಿಗಾಲದಲ್ಲಿ ಏಕಾಏಕಿ ಶುಕ್ರದೆಸೆ ತಿರುಗಿತು. ಊರಿನ ವಾರ್ಷಿಕ ಪಂದ್ಯಾವಳಿಯಲ್ಲಿ ಯಾವ ತಂಡ ಯಾವ ತಂಡದ ಎದುರು, ಎಷ್ಟು ಹೊತ್ತಿಗೆ, ಯಾವ ಅಂಕಣದಲ್ಲಿ ಆಡಬೇಕು ಎಂದು ಜೋಡಿ ಕಟ್ಟುವ ಅಧಿಕಾರ ಅವನ ಕೈಗೆ ಬಂತು.

ಇದೇನು ಮಹಾ ಅಧಿಕಾರ ಎನ್ನುವವರು ಸಸ್ಕಾಚೆವಾನ್ ಪ್ರಾಂತದ ಚಳಿಗಾಲ ಕಂಡವರಲ್ಲ. ಬಯಲಿನ ತುಂಬ ಹಿಮ, ಮಾಡಲು ಕೆಲಸವಿಲ್ಲ, ಮಾತಾಡಲು ಹೊಸ ವಿಷಯವಿಲ್ಲ. ಮಂಜುಗಡ್ಡೆಯ ಮೇಲೆ ದುಂಡು ಕಲ್ಲು ಜಾರಿಸಿ, ಆಚೆ ತುದಿಯ ವೃತ್ತದ ನಡುವೆ ನಿಲ್ಲಿಸುವ ಆಟವೊಂದೇ ಊರಿನ ಉಸಿರು. ಅಂಥ ಕಡೆ ಜೋಡಿ ಕಟ್ಟುವವನಿಗೆ ಮೇಯರ್ ಕೂಡ ಎದ್ದು ನಿಂತು ಕಾಫಿ ಸುರಿದು ಕೊಡುತ್ತಾನೆ. ಇಷ್ಟು ವರ್ಷ ಆ ಕೆಲಸ ಟೈರ್ ಅಂಗಡಿಯ ಗಾರ್ತ್‌ನದು. ಕ್ಲಬ್ಬಿನ ಅಧ್ಯಕ್ಷನೂ ಅವನೇ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದನೆಂದರೆ ಅದೇ ಶಾಸನ. ಈ ವರ್ಷ ಅವನ ಭುಜ ಹಿಡಿದುಕೊಂಡಿತ್ತು. ಬಗ್ಗಿ ಕಲ್ಲು ಜಾರಿಸಲು ಅಡ್ಡಿಯಿಲ್ಲ, ಹಲಗೆಯ ಮೇಲ್ತುದಿಗೆ ಕೈ ಎತ್ತಲು ಮಾತ್ರ ಆಗದು.

"ಈ ಸಲ ನೀನೇ ಮಾಡು ಮರ್ವಿನ್, ಕ್ಲಬ್ಬಿನ ಕಂಪ್ಯೂಟರಲ್ಲಿ," ಎಂದ ಗಾರ್ತ್. "ಎಡವಟ್ಟು ಮಾಡಿದ್ಯೋ, ಸೀಮೆಸುಣ್ಣ ಇನ್ನೂ ನನ್ನ ಜೇಬಲ್ಲೇ ಇದೆ, ನೆನಪಿರ್ಲಿ. ಭುಜ ಮುರಿದ್ರೂ ಪರವಾಗಿಲ್ಲ, ಏಣಿ ಹಾಕ್ಕೊಂಡು ಬರೀತೀನಿ."

ಮರ್ವಿನ್ ಎಡವಟ್ಟು ಮಾಡಲಿಲ್ಲ. ಊರಿನವರೂ ಸುತ್ತಲ ಹಳ್ಳಿಯವರೂ ಸೇರಿ ಅಷ್ಟೂ ತಂಡಗಳ ಜೋಡಿಗಳನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಹಳ ಕಾಲ ಕುರ್ಚಿ ಮಡಿಸಿದವನಿಗೆ ಒಮ್ಮೆ ಕುರ್ಚಿ ಸಿಕ್ಕರೆ ಸುಮ್ಮನಿರಲು ಆಗುವುದಿಲ್ಲ. ಕ್ಲಬ್ಬಿನ ಕಾಫಿ ಕಟ್ಟೆಯ ಮುಂದೆ, ಹತ್ತು ಜನರ ಎದುರಿಗೆ ಬಾಯಿ ಬಿಟ್ಟ.

"ಈ ಕಂಪ್ಯೂಟರ್ ಏಳೋವಷ್ಟರಲ್ಲಿ ಮನೆಗೆ ಹೋಗಿ ಊಟ ಮಾಡ್ಕೊಂಡು ಬರಬಹುದು. ಒಳಗಿರೋ ಡ್ರೈವ್ ಮುದಿಯಾಗಿದೆ. ಹೊಸ ಎಸ್‌ಎಸ್‌ಡಿ ಒಂದು ಹಾಕಿದ್ರೆ ಕಣ್ಣು ಮಿಟುಕಿಸೋದರೊಳಗೆ ಎದ್ದು ಕೂರುತ್ತೆ. ನಾನೇ ಹಾಕ್ತೀನಿ!"

"ನಿಂಗೆ ಬರುತ್ತಾ ಅದೆಲ್ಲ?" ಎಂದು ಕೇಳಿದಳು ಅಂಚೆ ಕಚೇರಿಯ ನಡೀನ್.

"ಅದರಲ್ಲೇನಿದೆ ನಡೀನ್, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ!"

ಪಂದ್ಯಾವಳಿಗೆ ಒಂದೇ ದಿನ ಇದೆ ಎನ್ನುವಾಗ ಮರ್ವಿನ್ ಕ್ಲಬ್ಬಿನ ಕಂಪ್ಯೂಟರನ್ನು ಮಗುವಿನಂತೆ ಕಂಬಳಿಯಲ್ಲಿ ಸುತ್ತಿ ಮನೆಗೆ ತಂದ. ಅಡಿಗೆಮನೆಯ ಮೇಜಿನ ಮೇಲೆ ಇಡಲು ಹೋದ. ಅಲ್ಲಿ ಅವನ ಹೆಂಡತಿ ಡಾರ್ಲಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಮರುದಿನ ಇಡೀ ಊರಿಗೆ ಬಡಿಸಲು ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಮಾಡುತ್ತಿದ್ದಳು.

"ಆ ಧೂಳಿನ ಡಬ್ಬ ನನ್ನ ಹಿಟ್ಟಿನ ಹತ್ರ ಬಂದ್ರೆ ಅದನ್ನೂ ಬೇಯಿಸಿಬಿಡ್ತೀನಿ. ನಡಿ ಗ್ಯಾರೇಜಿಗೆ!"

ಗ್ಯಾರೇಜಿನ ಗೋಡೆಯಲ್ಲಿ ಪ್ಲಗ್ಗಿಗೆ ಇದ್ದದ್ದು ಎರಡೇ ಕಿಂಡಿ. ಒಂದರಲ್ಲಿ ಡಾರ್ಲಾಳ ದೊಡ್ಡ ಫ್ರೀಜರ್. ಅದರ ವೈರು ಮುಟ್ಟಿದವನಿಗೆ ಆ ಮನೆಯಲ್ಲಿ ಊಟವಿಲ್ಲ ಎನ್ನುವುದು ಮದುವೆಯಾದಂದಿನಿಂದ ಇದ್ದ ಕಾನೂನು. ಇನ್ನೊಂದಕ್ಕೆ ಸ್ಕ್ರೀನನ್ನು ಚುಚ್ಚಿದ. ಕಂಪ್ಯೂಟರಿಗೆ? ಮರ್ವಿನ್ ಹೊರಗೆ ಇಣುಕಿದ. ಗೋಡೆಯ ಹೊರಬದಿಯಲ್ಲಿ ಕಾರಿನ ಪ್ಲಗ್ ಇತ್ತು. ಆ ಚಳಿಯಲ್ಲಿ ಹೊರಗೆ ನಿಂತ ಕಾರಿನ ಇಂಜಿನ್ನಿಗೆ ವೈರು ಕೊಟ್ಟು ಬೆಚ್ಚಗಿಡದಿದ್ದರೆ ಅದು ಕಬ್ಬಿಣದ ಗುಡ್ಡೆಯಾಗಿಬಿಡುತ್ತದೆ. ಆಗ ಅಲ್ಲಿ ಬೆಚ್ಚಗೆ ನಿಂತಿದ್ದದ್ದು ಅತ್ತೆ ಸ್ಟೆಫಾ ಅವರ ಕಾರು. ಮಗಳಿಗೆ ಕಡುಬು ಮಡಿಸಿಕೊಡಲು ಬೆಳಿಗ್ಗೆಯೇ ಬಂದಿದ್ದರು. ಸ್ವಲ್ಪ ಹೊತ್ತು ತಾನೇ ಎಂದುಕೊಂಡು ಮರ್ವಿನ್ ಅತ್ತೆಯ ವೈರನ್ನು ಕಿತ್ತು ಹಿಮದ ಮೇಲೆ ಎಸೆದು, ತನ್ನ ಕಿತ್ತಳೆ ಬಣ್ಣದ ಉದ್ದನೆಯ ಕೇಬಲ್ಲನ್ನು ಅಲ್ಲಿ ಚುಚ್ಚಿ, ಬಾಗಿಲ ಸಂದಿಯಲ್ಲಿ ಒಳಕ್ಕೆ ಎಳೆದುಕೊಂಡ.

ಇನ್ನು ಮುಂದಿನದನ್ನು ಓದುಗರಿಂದ ಮುಚ್ಚಿಡುವುದು ನ್ಯಾಯವಲ್ಲ. ಆ ಕಾರಿನ ಪ್ಲಗ್ಗಿಗೆ ಒಂದು ಟೈಮರ್ ಇತ್ತು. ವಿದ್ಯುತ್ ಉಳಿಸಲೆಂದು ಹಿಂದೊಮ್ಮೆ ಮರ್ವಿನ್ ತಾನೇ ನೆಲಮಾಳಿಗೆಯ ಗೋಡೆಗೆ ಜಡಿದದ್ದು. ಅರ್ಧ ಗಂಟೆ ಕರೆಂಟ್ ಬಿಡುತ್ತದೆ, ಅರ್ಧ ಗಂಟೆ ನಿಲ್ಲಿಸುತ್ತದೆ. ಬದಲಾಯಿಸುವಾಗಲೆಲ್ಲ ಬೆರಳ ಗೆಣ್ಣು ಮುರಿದ ಹಾಗೆ ಟಕ್ ಎನ್ನುತ್ತದೆ. ಕಾರಿಗೆ ಅಷ್ಟು ಸಾಕು. ಕಂಪ್ಯೂಟರಿಗೆ ಸಾಕೇ? ಆ ಪ್ರಶ್ನೆ ಮರ್ವಿನ್‌ನ ತಲೆಗೆ ಬರಲೇ ಇಲ್ಲ, ಏಕೆಂದರೆ ಅಲ್ಲಿ ಆಗಲೇ ಸನ್ಮಾನ ಸಮಾರಂಭ ನಡೆಯುತ್ತಿತ್ತು.

ಹಳೆಯ ಡ್ರೈವಿನಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಲು ಹಚ್ಚಿ, ಅಡಿಗೆಮನೆಗೆ ಹೋಗಿ ಬಿಸಿ ಕಡುಬು ತಿಂದು ಬಂದ. ಅವನು ತಿನ್ನುತ್ತಿರುವಾಗ ಟಕ್ ಎಂದು ಕರೆಂಟ್ ಹೋಗಿತ್ತು, ನಕಲು ಅರ್ಧಕ್ಕೇ ನಿಂತಿತ್ತು. ಅವನು ಬಾಯಿ ಒರೆಸಿಕೊಳ್ಳುವಾಗ ಟಕ್ ಎಂದು ಬಂದಿತ್ತು, ಕಂಪ್ಯೂಟರ್ ತಾನಾಗೇ ಎದ್ದು ಏನೂ ಆಗಿಲ್ಲವೆಂಬಂತೆ ಕೂತಿತ್ತು. ನಕಲು ಮುಗಿದಿದೆ ಎಂದು ತಿಳಿದ ಮರ್ವಿನ್ ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಗುಂಡಿ ಒತ್ತಿ, ಕೈ ಕಟ್ಟಿ ನಿಂತ.

ಸ್ಕ್ರೀನಿನ ಮೇಲೆ ಒಂದೇ ಸಾಲು ಬಂತು. ಬೂಟ್ ಮಾಡಲು ಯಾವ ಸಾಧನವೂ ಸಿಗಲಿಲ್ಲ.

"ಅಲ್ಲೇ ಇದ್ಯಲ್ಲೋ ಕಣ್ಣೆದುರಿಗೆ!" ಎಂದ ಮರ್ವಿನ್ ಕಂಪ್ಯೂಟರಿಗೆ. ಕೇಬಲ್ ಬದಲಾಯಿಸಿದ. ಡ್ರೈವನ್ನು ಕಿತ್ತು, ಊದಿ, ಮತ್ತೆ ಹಾಕಿದ. ಸೆಟ್ಟಿಂಗ್ಸಿಗೆ ಹೋಗಿ, ಮೊದಲು ಈ ಡ್ರೈವಿನಿಂದಲೇ ಬೂಟ್ ಆಗಬೇಕು ಎಂದು ಆಜ್ಞೆ ಮಾಡಿದ. ಆದರೆ ಅರ್ಧ ಸಾಮಾನು ಮಾತ್ರ ಸಾಗಿಸಿದ ಹೊಸ ಮನೆಯಲ್ಲಿ ಒಲೆ ಹಚ್ಚು ಎಂದರೆ ಯಾರು ಹಚ್ಚುತ್ತಾರೆ? ಮತ್ತೆ ಅದೇ ಸಾಲು ಬಂತು. ಮರ್ವಿನ್‌ನ ಕಿವಿಯಲ್ಲಿ ಸೀಮೆಸುಣ್ಣ ಕಿರ್ರೆಂದಿತು.

ಆ ಊರಿನಲ್ಲಿ ಒಂದು ಪದ್ಧತಿ ಇದೆ. ಯಾವನಾದರೂ ತೆರೆದ ಇಂಜಿನ್ನಿನ ಮುಂದೆ ತಲೆ ಬಗ್ಗಿಸಿ ನಿಂತದ್ದು ಕಂಡರೆ ಅಕ್ಕಪಕ್ಕದವರು ತಮ್ಮ ಕೆಲಸ ಬಿಟ್ಟು ಬಂದು, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಸುತ್ತ ನಿಲ್ಲಬೇಕು. ನಿಂತವರೆಲ್ಲ ಒಂದೊಂದು ಸಲಹೆ ಕೊಡಬೇಕು. ಕೊಡದೆ ಹೋದರೆ ಮರ್ಯಾದೆಯಲ್ಲ. ಪಕ್ಕದ ಮನೆಯ ಎಲ್ವುಡ್, ಗೋಧಿ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಗ್ಯಾರೇಜಿನ ಕಿಟಕಿಯಲ್ಲಿ ಮರ್ವಿನ್‌ನ ಬಗ್ಗಿದ ತಲೆ ಕಂಡವನೇ ಕೋಟು ಹಾಕಿಕೊಂಡು ಓಡಿಬಂದ. ಅವನು ಓಡಿದ್ದು ಕಂಡು ನಡೀನ್ ಬಂದಳು, ಕೈಯಲ್ಲಿ ಹಣ್ಣಿನ ಪೈ ಹಿಡಿದುಕೊಂಡು. ನಡೀನ್ ಬಂದಳೆಂದರೆ ಊರಿಗೆ ಬೇರೆ ಡಂಗುರ ಬೇಡ. ಹೊತ್ತು ಇಳಿಯುವುದರೊಳಗೆ ಗ್ಯಾರೇಜಿನಲ್ಲಿ ಒಂದು ಡಜನ್ ಜನ ಕಂಪ್ಯೂಟರಿನ ಹೊಟ್ಟೆಯೊಳಗೆ ಇಣುಕುತ್ತಿದ್ದರು.

"ಈ ಹೊಸಾದು ಎಲ್ಲಿತ್ತು ಇಷ್ಟು ದಿನ?" ಎಂದು ಎಲ್ವುಡ್ ವೈದ್ಯರ ದನಿಯಲ್ಲಿ ಕೇಳಿದ.

"ಅಂಚೇಲಿ ಬಂತು. ರಾತ್ರಿಯೆಲ್ಲ ಹೊರಗಿನ ಡಬ್ಬದಲ್ಲಿತ್ತು."

"ಮೈನಸ್ ಮೂವತ್ತರಲ್ಲಿ! ಅಯ್ಯೋ ಮಾರಾಯ, ಚಳಿ ಹಿಡಿದು ಸೆಟೆದುಹೋಗಿದೆ ಅದು! ಬೆಚ್ಚಗೆ ಮಾಡದೆ ಗುಂಡಿ ಒತ್ತಿದ್ಯಾ? ನಿನ್ನ ಟ್ರಕ್ಕಿಗೆ ಹಾಗೆ ಮಾಡ್ತೀಯಾ?"

ಎಲ್ಲರೂ ಛೆ ಛೆ ಎಂದರು. ಅಷ್ಟರಲ್ಲಿ ಟೈಮರ್ ಕರೆಂಟ್ ನಿಲ್ಲಿಸಿ ಸ್ಕ್ರೀನ್ ಖಾಲಿಯಾಗಿತ್ತು. ಗ್ಯಾರೇಜಿನ ದೀಪ ಉರಿಯುತ್ತಿತ್ತು, ಸ್ಕ್ರೀನಿನ ಅಂಚಿನ ಪುಟ್ಟ ಬೆಳಕು ಉರಿಯುತ್ತಿತ್ತು, ಗ್ಯಾಸ್ ಹೀಟರಿನ ಗಾಳಿಯ ಆರ್ಭಟದಲ್ಲಿ ಕಂಪ್ಯೂಟರಿನ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ಕರೆಂಟಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಡಾರ್ಲಾಳ ಉಣ್ಣೆಯ ಶಾಲು ಬಂತು, ಬಿಸಿನೀರಿನ ಚೀಲ ಬಂತು. ಡ್ರೈವಿಗೆ ಬಾಣಂತನ ಶುರುವಾಯಿತು. ಎಲ್ವುಡ್ ಚೀಲ ಒತ್ತಿ ಒತ್ತಿ ಕೈ ಸೋಲುವ ಹೊತ್ತಿಗೆ ಕೆಳಗೆ ಟಕ್ ಎಂದಿತು, ಮೇಲೆ ಸ್ಕ್ರೀನ್ ಬೆಳಗಿತು.

"ಎದ್ದಿತು! ನಾನ್ ಹೇಳ್ಲಿಲ್ವಾ! ಹೇಳ್ಲಿಲ್ವಾ ನಾನು!" ಎಂದು ಎಲ್ವುಡ್ ಕುಣಿದಾಡಿದ. ಬೂಟ್ ಮಾಡಲು ಸಾಧನ ಸಿಗಲಿಲ್ಲ ಎಂಬ ಸಾಲು ಮತ್ತೆ ಬಂದಾಗ ಕುಣಿತ ನಿಂತಿತು. ಆದರೂ ರೋಗಿ ಕಣ್ಣಾದರೂ ಬಿಟ್ಟನಲ್ಲ ಎಂದು ಸಭೆ ಸಮಾಧಾನಪಟ್ಟಿತು.

ಮರ್ವಿನ್ ಹಳೆಯ ಡ್ರೈವನ್ನೂ ಹೊಸದನ್ನೂ ಒಟ್ಟಿಗೆ ಹಚ್ಚಿ, ಹಳೆಯದರಿಂದ ಕಂಪ್ಯೂಟರನ್ನು ಎಬ್ಬಿಸಿ, ಮೊದಲಿನಿಂದ ನಕಲು ಶುರುಮಾಡಿದ. ಹಸಿರು ಪಟ್ಟಿ ಸ್ಕ್ರೀನಿನ ಮೇಲೆ ಬಸವನಹುಳುವಿನಂತೆ ತೆವಳಿತು. ಕಾಲು ಭಾಗ. ಅರ್ಧ. ಅರ್ಧ ದಾಟಿತು! ಎಲ್ಲರೂ ಸಮಾಧಾನದಿಂದ ನಡೀನ್‌ಳ ಪೈ ಕಡೆ ತಿರುಗಿದರು. ಅಷ್ಟರಲ್ಲಿ ಒಳಮನೆಯ ಬಾಗಿಲು ದಢಾರನೆ ತೆರೆಯಿತು. ಅತ್ತೆ ಸ್ಟೆಫಾ ನಿಂತಿದ್ದರು, ಸೊಂಟದ ಮೇಲೆ ಕೈ.

"ಮರ್ವಿನ್! ನಿನ್ನ ಮಾವ ಬದುಕಿದ್ದಾಗ ಒಂದು ಮಾತು ಹೇಳ್ತಿದ್ರು..."

ಎಲ್ಲರೂ ಸ್ಕ್ರೀನಿನ ಕಡೆ ತಿರುಗಿದರು. ಅದು ಖಾಲಿಯಾಗಿತ್ತು.

"ಅಯ್ಯಯ್ಯೋ!" ಎಂದಿತು ಇಡೀ ಗ್ಯಾರೇಜು.

ಸ್ಟೆಫಾ ಬಂದದ್ದಕ್ಕೆ ಕಾರಣವಿತ್ತು. ಕಡುಬು ಮಡಿಸಿ ಮುಗಿಸಿ ಅವರು ನೆಲಮಾಳಿಗೆಯಲ್ಲಿ ಟೀವಿ ಮುಂದೆ ಕೂತಿದ್ದರು, ಸರಿಯಾಗಿ ಟೈಮರಿನ ಕೆಳಗೆ. ಟಕ್ ಎಂದು ನಿಂತಾಗ ಅವರಿಗೆ ತಮ್ಮ ಕಾರಿನ ನೆನಪಾಯಿತು. ಎದ್ದು ಕಿಟಕಿಯಲ್ಲಿ ನೋಡಿದರೆ ಕಾರಿನ ವೈರು ಹಿಮದಲ್ಲಿ ಬಿದ್ದಿದೆ, ಪ್ಲಗ್ಗಿನಲ್ಲಿ ಯಾವುದೋ ಕಿತ್ತಳೆ ಹಾವು ಕಚ್ಚಿಕೊಂಡಿದೆ! ತಾವೇ ಕಿತ್ತೆಸೆಯಬಹುದಿತ್ತು. ಆದರೆ ಅಳಿಯನ ಮನೆಯಲ್ಲಿ ಹೇಳದೆ ಕೇಳದೆ ಒಂದು ಚಮಚವನ್ನೂ ಮುಟ್ಟುವವರಲ್ಲ ಅವರು. ಹೇಳಿಯೇ ಮಾಡೋಣವೆಂದು ಮೆಟ್ಟಿಲು ಹತ್ತಿ ಬಂದಿದ್ದರು. ಏನು ಹೇಳಬೇಕಾದರೂ ದಿವಂಗತ ಗಂಡನಿಂದ ಶುರುಮಾಡುವುದು ಅವರ ಅಭ್ಯಾಸ. ಅಲ್ಲಿಂದ ವಿಷಯಕ್ಕೆ ಬರಲು ದಾರಿ ಬಹಳ ದೂರ. ಕರೆಂಟ್ ಮೊದಲು ಹೋಯಿತೋ ಅತ್ತೆ ಮೊದಲು ಬಂದರೋ ಎಂದು ಅಲ್ಲಿ ಯಾರೂ ವಿಚಾರಿಸಲಿಲ್ಲ.

"ಅತ್ತೆ, ಈಗ ಬೇಡ, ಆಮೇಲೆ, ಆಮೇಲೆ!" ಎಂದು ಮರ್ವಿನ್ ಎರಡು ಕೈಯಲ್ಲೂ ಬೇಡಿಕೊಂಡ.

"ಆಮೇಲೆ ಅಂದ್ರೆ? ನನ್ನ ಕಾ..."

ನಡೀನ್ ಅವರ ಭುಜ ಹಿಡಿದು, ಪೈ ಒಂದು ತುಂಡು ಕೈಗಿಟ್ಟು, ಒಳಕ್ಕೆ ನಡೆಸಿ ಬಾಗಿಲು ಹಾಕಿದಳು. ಸ್ಟೆಫಾ ಗೊಣಗುತ್ತ ಕೆಳಗಿಳಿದು ಟೀವಿ ಮುಂದೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಟೈಮರ್ ಟಕ್ ಎಂದಿತು, ಮೇಲೆ ಸ್ಕ್ರೀನ್ ಬೆಳಗಿತು. ನಡೀನ್‌ಳ ಕಣ್ಣು ಅಗಲವಾಯಿತು.

"ನೋಡಿದ್ರಾ?" ಎಂದಳು ಮೆಲ್ಲಗೆ. "ಅವರು ಬಂದ್ರು, ಅದು ಹೋಯ್ತು. ಅವರು ಹೋದ್ರು, ಇದು ಬಂತು."

"ಛೆ, ಏನ್ ಮಾತು ನಡೀನ್! ನನ್ನ ಅತ್ತೆ ಅವರು," ಎಂದ ಮರ್ವಿನ್.

"ನನ್ನ ತಂಡದ ನಾಯಕಿ ಕಣಪ್ಪಾ ಅವರು. ನಂಗೇನು ಅವರ ಮೇಲೆ ದ್ವೇಷಾನಾ? ಕಂಡದ್ದು ಹೇಳ್ದೆ."

ಮತ್ತೆ ಮೊದಲಿನಿಂದ ನಕಲು. ಕಾಲು. ಅರ್ಧ. ನಡೀನ್ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಂತಳು, ಉಳಿದವರ ಕಣ್ಣೆಲ್ಲ ಬಾಗಿಲ ಮೇಲೆ. ಕೆಳಗೆ ಟಕ್ ಎಂದಿತು, ಸ್ಟೆಫಾ ಎದ್ದರು, ಹತ್ತಿದರು, ನಡೀನ್‌ಳನ್ನು ಬಾಗಿಲ ಸಮೇತ ಒಳಕ್ಕೆ ತಳ್ಳಿದರು.

"ಮರ್ವಿನ್! ನಿನ್ನ ಮಾವ ಒಂದ್ಸಲ ಇಂಥದೇ ಚಳೀಲಿ..."

ಸ್ಕ್ರೀನ್ ಖಾಲಿ! ಈ ಸಲ ಯಾರೂ ಅಯ್ಯೋ ಎನ್ನಲಿಲ್ಲ. ಡಜನ್ ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. ಎಲ್ವುಡ್ ಟೋಪಿ ತೆಗೆದ. ಸ್ಟೆಫಾ ಎಲ್ಲರ ಮುಖ ನೋಡಿದರು, ತಮ್ಮ ಏಪ್ರನ್ ನೋಡಿಕೊಂಡರು, ಮೂಗಿಗೆ ಹಿಟ್ಟು ಅಂಟಿದೆಯೇನೋ ಎಂದು ಒರೆಸಿಕೊಂಡರು.

"ಏನಾಗಿದೆ ನಿಮಗೆಲ್ಲ? ದೆವ್ವ ಕಂಡವರ ಹಾಗೆ ನೋಡ್ತೀರಲ್ಲ!"

"ಕಾಲ್ಗುಣ," ಎಂದು ಎಲ್ವುಡ್ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಪಿಸುಮಾತು ಉಗ್ರಾಣದ ಯಂತ್ರಗಳ ನಡುವೆ ಪಳಗಿದ್ದರಿಂದ ಬೀದಿಯವರೆಗೂ ಕೇಳಿಸಿತು.

ಅತ್ತ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ದೂರದ ಹಳ್ಳಿಯ ತಂಡದವರು ನಾಳೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಕೇಳುತ್ತಿದ್ದರು. ಡಾರ್ಲಾ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು, "ಹುಷಾರಾಗ್ತಾ ಇದೆ, ಇನ್ನೊಂದು ಸ್ವಲ್ಪ ಹೊತ್ತು," ಎಂದು ಆಸ್ಪತ್ರೆಯವರಂತೆ ಉತ್ತರ ಕೊಡುತ್ತಿದ್ದಳು. ಮೇಲಿಂದ ಮೇಲೆ ಕರೆಂಟ್ ಹೋಗಿ ಹೋಗಿ ಹಳೆಯ ಡ್ರೈವು ಒಳಗೇ ಕರಕರ ಎನ್ನತೊಡಗಿತ್ತು. ಅದು ಕಣ್ಣು ಮುಚ್ಚಿದರೆ ಜೋಡಿಗಳೂ ಹೋದವು, ಮರ್ವಿನ್‌ನ ಮಾನವೂ ಹೋಯಿತು. ಆಗಲೇ ಗಾರ್ತ್ ಬಂದ. ಬಾಗಿಲಲ್ಲೇ ನಿಂತು, ಜೇಬಿನಿಂದ ಸೀಮೆಸುಣ್ಣ ತೆಗೆದು, ಬೆರಳ ನಡುವೆ ಹೊರಳಿಸಿದ.

"ಒಂದೇ ಒಂದು ಅವಕಾಶ ಕೊಡು ಗಾರ್ತ್! ನಿನ್ನ ಕಾಲಿಗೆ ಬೀಳ್ತೀನಿ!" ಎಂದ ಮರ್ವಿನ್.

ಮೂರನೆಯ ಸಲ ಟಕ್ ಎಂದಿತು. ಮೂರನೆಯ ಸಲ ಸ್ಟೆಫಾ ಬಂದರು. ಈ ಸಲ ಗಂಡನ ಹೆಸರೆತ್ತುವ ಮೊದಲೇ ಸ್ಕ್ರೀನ್ ಹೋಗಿತ್ತು. ಗಾರ್ತ್‌ಗೆ ಎಲ್ಲವನ್ನೂ ನಡೀನ್ ಆಗಲೇ ಒಪ್ಪಿಸಿದ್ದಳು. ಅವನು ಅಧ್ಯಕ್ಷರ ಗತ್ತಿನಲ್ಲಿ ಕೆಮ್ಮಿದ.

"ನೋಡಿ ಸ್ಟೆಫಾ, ತಪ್ಪು ತಿಳ್ಕೋಬೇಡಿ. ಕ್ಲಬ್ಬಿನ ಹಿತಕ್ಕೆ ಹೇಳ್ತಿದೀನಿ. ನೀವು ಈ ಮನೇಲಿ ಇರೋವರೆಗೂ ಅದು ಏಳೋ ಹಾಗೆ ಕಾಣ್ಸಲ್ಲ."

ಸ್ಟೆಫಾ ಅಳಿಯನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಮರ್ವಿನ್ ಸೀಮೆಸುಣ್ಣ ನೋಡಿದ, ಅತ್ತೆಯನ್ನು ನೋಡಿದ, ನೆಲ ನೋಡಿದ.

"ಅತ್ತೆ... ಸ್ವಲ್ಪ ಹೊತ್ತು... ನಿಮ್ಮ ಮನೇಲಿ ಇದ್ರೆ..."

"ಓಹೋ," ಎಂದರು ಸ್ಟೆಫಾ. ದಿನವೂ ಮರ್ವಿನ್, ನೀನು ಎನ್ನುವವರು ಸಿಟ್ಟು ನೆತ್ತಿಗೇರಿದಾಗ ಮಾತ್ರ ಬಹುವಚನಕ್ಕೆ ಹತ್ತುತ್ತಿದ್ದರು. "ಬಹಳ ಸಂತೋಷ ಅಳಿಯಂದ್ರೇ. ಬೆಳಿಗ್ಗೆಯಿಂದ ನಿಮ್ಮೂರಿಗೆಲ್ಲ ಕಡುಬು ಮಡಿಸಿ ಬೆರಳು ಸೆಟೆದುಹೋಯ್ತು. ಅದಕ್ಕೆ ಈ ಉಡುಗೊರೆ. ಬರ್ತೀನಿ!"

ಕೋಟು ಎತ್ತಿಕೊಂಡು ಹೊರಗೆ ನಡೆದರು. ಮರ್ವಿನ್ ಮತ್ತೆ ಕೇಬಲ್ ಜೋಡಿಸಲು ಬಗ್ಗಿದ. ಅಷ್ಟರಲ್ಲಿ ಹೊರಗಿನಿಂದ ಕಾರಿನ ಇಂಜಿನ್ ಮುದಿ ಎತ್ತಿನ ಹಾಗೆ ನರಳುವ ಸದ್ದು. ಎರಡು ಸಲ ನರಳಿ ಅದೂ ನಿಂತಿತು. ಆಮೇಲೆ ಹಾರ್ನು! ಒಂದೇ ಸಮನೆ, ಬಿಡದೆ.

"ಹೋಗು ಮರ್ವಿನ್! ನಮ್ಮಮ್ಮನ್ನ ಚಳೀಲಿ ಕೊಲ್ತೀಯಾ?" ಎಂದು ಡಾರ್ಲಾ ಅಡಿಗೆಮನೆಯಿಂದ ಕೂಗಿದಳು. ಕಾರು ಕೆಟ್ಟು ನಿಂತಾಗ ಉಳಿದವರೂ ಓಡಬೇಕಾದ್ದು ಪದ್ಧತಿ. ಆದರೆ ಆ ಹೊತ್ತಿಗೆ ಸ್ಟೆಫಾ ಹತ್ತಿರ ಹೋಗುವ ಧೈರ್ಯ ಯಾರಿಗಿತ್ತು? ಮರ್ವಿನ್ ಒಬ್ಬನೇ ಹೋದ.

ಸ್ಟೆಫಾ ಕಾರಿನ ಗಾಜನ್ನು ಬೆರಳಗಲ ಇಳಿಸಿದರು.

"ನಿಮ್ಮ ಮಾವ ಇದ್ದಿದ್ರೆ ನಿಮಗೆ..." ಎಂದು ಶುರುಮಾಡಿ, ಚಳಿಗೆ ಹಲ್ಲು ಕಟಕಟ ಎಂದದ್ದರಿಂದ ಜೀವನದಲ್ಲಿ ಮೊದಲ ಬಾರಿಗೆ ಅವರನ್ನು ಅಲ್ಲಿಗೇ ಬಿಟ್ಟು ನೇರ ವಿಷಯಕ್ಕೆ ಬಂದರು. "ನನ್ನ ಕಾರಿನ ಪ್ಲಗ್ ಯಾಕೆ ಕಿತ್ತಿದ್ದು? ಇದನ್ನ ಕೇಳೋಕೇ ಮೂರು ಸಲ ಮೆಟ್ಟಿಲು ಹತ್ತಿದ್ದು ನಾನು! ಆ ದರಿದ್ರ ಟೈಮರ್ ಟಕ್ ಅಂತ ನಿಂತಾಗೆಲ್ಲ ನನ್ನ ಜೀವ ಹೋಗ್ತಿತ್ತು, ಕಾರು ತಣ್ಣಗಾಗ್ತಿದೆ ಅಂತ!"

"ಟೈಮರ್," ಎಂದ ಮರ್ವಿನ್.

"ಹೂಂ, ಟೈಮರ್! ನೀವೇ ಜಡಿದದ್ದು!"

ಮರ್ವಿನ್ ಕಿತ್ತಳೆ ಕೇಬಲ್ ನೋಡಿದ. ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ಅಳೆದ. ಮೀಸೆಯ ಮೇಲೆ ಅವನ ಉಸಿರು ಹೆಪ್ಪುಗಟ್ಟಿತು. ಅಯ್ಯೋ ನನ್ನ ಬುದ್ಧಿಯೇ, ಅಯ್ಯೋ ನನ್ನ ಬುದ್ಧಿಯೇ ಎಂದು ಎರಡು ಸಲ ಹಣೆ ಚಚ್ಚಿಕೊಂಡು, ಕೇಬಲ್ ಕಿತ್ತು, ಅತ್ತೆಯ ಕಾರಿನ ವೈರು ಸಿಕ್ಕಿಸಿ, ಅವರನ್ನು ಮುಂಬಾಗಿಲಿನಿಂದ ಅಡಿಗೆಮನೆಯ ಒಲೆಯ ಮುಂದೆ ತಂದು ಕೂರಿಸಿದ. ಗ್ಯಾರೇಜಿಗೆ ಓಡಿದ. ಯಾರ ಪ್ರಶ್ನೆಗೂ ಉತ್ತರ ಕೊಡದೆ ಫ್ರೀಜರಿನ ಹಿಂದೆ ಮಂಡಿಯೂರಿ ಅದರ ವೈರನ್ನು ಕಿತ್ತುಹಾಕಿದ! ಹೊರಗೆ ಇಡೀ ಪ್ರಾಂತವೇ ಫ್ರೀಜರಾಗಿರುವಾಗ ಅದೊಂದು ನಿಂತರೆ ಏನಾಗುತ್ತದೆ ಎನ್ನುವುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಆ ಕಿಂಡಿಗೆ ಕಂಪ್ಯೂಟರನ್ನು ಚುಚ್ಚಿದ. ಕರಕರ ಎನ್ನುವ ಹಳೆಯ ಡ್ರೈವಿಗೆ ಮನಸ್ಸಿನಲ್ಲೇ ಕೈಮುಗಿದು ನಕಲಿಗೆ ಹಚ್ಚಿದ.

ಕಾಲು! ಅರ್ಧ! ಎಲ್ಲರೂ ಬಾಗಿಲ ಕಡೆ ಕಳ್ಳಗಣ್ಣು ಹಾಯಿಸಿದರು. ಬಾಗಿಲು ಮುಚ್ಚಿಯೇ ಇತ್ತು. ಮುಕ್ಕಾಲು! ನಡೀನ್ ಎಲ್ವುಡ್‌ನ ತೋಳು ಹಿಂಡಿದಳು. ಹಸಿರು ಪಟ್ಟಿ ಆಚೆ ದಡ ಮುಟ್ಟಿತು! ಮರ್ವಿನ್ ಹಳೆಯ ಡ್ರೈವನ್ನು ಕಳಚಿ ಗುಂಡಿ ಒತ್ತಿದ. ಸೀಮೆಸುಣ್ಣ ಗಾರ್ತ್‌ನ ಬೆರಳ ನಡುವೆ ನಿಂತುಹೋಯಿತು. ಕಂಪ್ಯೂಟರ್ ಎದ್ದಿತು, ನಿಜವಾಗಿಯೂ ಕಣ್ಣು ಮಿಟುಕಿಸುವುದರೊಳಗೆ ಎದ್ದಿತು. ಸ್ಕ್ರೀನಿನ ತುಂಬ ಪಂದ್ಯಾವಳಿಯ ಜೋಡಿಗಳು!

ಗ್ಯಾರೇಜಿನಲ್ಲಿ ಎದ್ದ ಕೂಗಿಗೆ ಮಾಡಿನ ಹಿಮ ಜಾರಿ ಬಿತ್ತು. ಎಲ್ವುಡ್ ಮರ್ವಿನ್‌ನನ್ನು ಅಪ್ಪಿಕೊಂಡು ನೆಲದಿಂದ ಮೇಲೆತ್ತಿದ. ಗಾರ್ತ್ ಸೀಮೆಸುಣ್ಣವನ್ನು ಜೇಬಿಗೆ ಹಾಕಿ ಕೈ ಕುಲುಕಿದ.

"ಭೇಷ್ ಮರ್ವಿನ್! ಇನ್ಮೇಲೆ ವರ್ಷಾವರ್ಷ ಜೋಡಿ ಕಟ್ಟೋದು ನೀನೇ. ಆದ್ರೆ ಒಂದು ಮಾತು. ಅವರು ಆಚೆ ಹೋದ ತಕ್ಷಣ ಹೇಗೆ ಸರಸರ ಆಯ್ತು ನೋಡು. ನಾಳೆ ಕ್ಲಬ್ಬಲ್ಲಿ ಈ ಕಂಪ್ಯೂಟರ್ ಇರುತ್ತೆ, ಸ್ಕೋರಿನ ಬೋರ್ಡು ಕರೆಂಟಿಂದು. ಸ್ಟೆಫಾ ಈ ಸಲ ಆಡೋದು ಬೇಡ. ಅವರ ಜಾಗದಲ್ಲಿ ಬೇರೆ ಯಾರನ್ನಾದ್ರೂ ಹಾಕೋಣ."

ನಡೀನ್ ತಲೆ ತಗ್ಗಿಸಿದಳು, ಬೇಡ ಎನ್ನಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮರ್ವಿನ್‌ಗೆ ಪಟ್ಟ ಗಟ್ಟಿ. ಬಾಯಿ ಬಿಟ್ಟರೆ ಸಾಯುವವರೆಗೂ ಟೈಮರ್ ಮರ್ವಿನ್ ಎಂಬ ಬಿರುದು, ಜೊತೆಗೆ ಕುರ್ಚಿ ಮಡಿಸುವ ಕೆಲಸ. ಆದರೆ ಎಪ್ಪತ್ತೆಂಟರ ಹೆಂಗಸು, ಇಡೀ ಚಳಿಗಾಲ ಈ ಒಂದು ಪಂದ್ಯಾವಳಿಗಾಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡವರು! ಅದನ್ನು ನೆನೆದು ಅವನಿಗೆ ನಾಚಿಕೆ ಉಕ್ಕಿತು.

"ನಿಲ್ಲಿ!" ಎಂದು ಕೂಗಿದ. ಓಡಿಹೋಗಿ ಅತ್ತೆಯನ್ನು ಕೈಹಿಡಿದು ಕರೆತಂದು ಕಂಪ್ಯೂಟರಿನ ಪಕ್ಕದಲ್ಲೇ ನಿಲ್ಲಿಸಿದ. ಜನ ಗೋಡೆಗೆ ಅಂಟಿಕೊಂಡರು. "ಇವರದೇನೂ ತಪ್ಪಿಲ್ಲ. ತಪ್ಪೆಲ್ಲ ನಂದು! ನಾನೊಬ್ಬ ಕತ್ತೆ!"

ಅಲ್ಲಿಂದ ಶುರುವಾದ ಭಾಷಣ ಪ್ಲಗ್ಗು, ಟೈಮರು, ಟಕ್ಕು, ಕಿತ್ತಳೆ ಕೇಬಲ್ಲು, ಎಲ್ಲವನ್ನೂ ಮುಟ್ಟಿತು. ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬಂತು. ಅತ್ತೆಯ ಕಡುಬಿನ ಋಣ ಬಂತು, ಮಾವನವರ ದೊಡ್ಡ ಗುಣವೂ ಬಂತು. ಮಾತು ಎಷ್ಟು ಉದ್ದವಾಯಿತೆಂದರೆ, ಅಷ್ಟು ಹೊತ್ತು ಯಾರೂ ಮುಟ್ಟದ ಕಂಪ್ಯೂಟರು, ಎಲ್ಲ ಕಂಪ್ಯೂಟರುಗಳೂ ಮಾಡುವಂತೆ, ಬೇಸರ ಬಂದು ನಿದ್ದೆಹೋಯಿತು.

"ನೋಡಿ, ಇವರು ಪಕ್ಕದಲ್ಲೇ ನಿಂತಿದ್ದಾರೆ, ಏನಾದ್ರೂ ಆಯ್ತಾ?" ಎಂದು ಮರ್ವಿನ್ ಸ್ಕ್ರೀನಿನ ಕಡೆ ಕೈ ಚಾಚಿದ.

ಸ್ಕ್ರೀನ್ ಕಪ್ಪಗಿತ್ತು.

ಮರ್ವಿನ್ ಗಾಬರಿಯಿಂದ ಕೀಲಿಮಣೆ ಮುಟ್ಟಿದ. ಅದು ಎಚ್ಚರಗೊಂಡಿತು.

"ಪಾಪ, ಎಂಥ ಮನುಷ್ಯ," ಎಂದು ಎಲ್ವುಡ್ ಕಣ್ಣು ಒರೆಸಿಕೊಂಡ. "ಅತ್ತೆ ಮಾನ ಉಳಿಸೋಕೆ ತನ್ನನ್ನೇ ಕತ್ತೆ ಅಂದ್ಕೊಂಡ."

"ಟೈಮರಂತೆ!" ಎಂದಳು ನಡೀನ್ ಗದ್ಗದಿತಳಾಗಿ. "ಟೈಮರಿಗೆ ಕಂಪ್ಯೂಟರ್ ಚುಚ್ಚೋವಷ್ಟು ದಡ್ಡ ಈ ಊರಲ್ಲಿ ಯಾರಿದಾರೆ? ಎಷ್ಟು ಒಳ್ಳೆ ಸುಳ್ಳು ಕಟ್ಟಿದ ನೋಡಿ!"

"ನಿಜ ಕಣ್ರೀ! ನಿಜವಾಗ್ಲೂ ನಾನೇ ದಡ್ಡ!" ಎಂದು ಮರ್ವಿನ್ ಅಂಗಲಾಚಿದ. ಅಂಗಲಾಚಿದಷ್ಟೂ ಅವನ ದೊಡ್ಡತನ ಬೆಳೆಯಿತು. ಗಾರ್ತ್ ಅವನ ಕೈ ಹಿಡಿದುಕೊಂಡ.

"ಸಾಕು ಮರ್ವಿನ್, ಅರ್ಥ ಆಯ್ತು. ನಿನ್ನ ಮುಖ ನೋಡಿ ಒಪ್ಪಿದೀನಿ. ಸ್ಟೆಫಾ ಆಡ್ಲಿ. ಕಂಪ್ಯೂಟರಿನ ಕಡೆ ಮಾತ್ರ ಸುಳಿಯೋದು ಬೇಡ."

ಸ್ಟೆಫಾ ಏನೋ ಹೇಳಲು ಬಾಯಿ ತೆರೆದರು, ಸುತ್ತ ಗೋಡೆಗೆ ಅಂಟಿದ್ದ ಮುಖಗಳನ್ನು ನೋಡಿ ಮುಚ್ಚಿದರು. ಅಳಿಯನ ಮೇಲೆ ಕೆಂಡದಂಥ ಒಂದು ನೋಟ ಬೀರಿ, ಅಷ್ಟರಲ್ಲಿ ಬೆಚ್ಚಗಾಗಿದ್ದ ಕಾರು ಹತ್ತಿ ಮನೆಗೆ ಹೋದರು. ಪಟ್ಟ ಉಳಿದರೂ ಮರ್ವಿನ್‌ಗೆ ಊಟ ಸೇರಲಿಲ್ಲ. ನನ್ನಿಂದಾಗಿ ಅವರಿಗೆ ಶಾಶ್ವತ ಕಳಂಕ ಬಂತಲ್ಲ ಎಂದು ಕೊರಗಿದ.

ಮರುದಿನ ಬೆಳಿಗ್ಗೆಯ ಮೊದಲ ಪಂದ್ಯವೇ ಸ್ಟೆಫಾ ತಂಡಕ್ಕೂ ಗಾರ್ತ್‌ನ ತಂಡಕ್ಕೂ ಇತ್ತು. ಸ್ಟೆಫಾ ಅಂಕಣಕ್ಕೆ ಇಳಿದಾಗ ಗಾರ್ತ್‌ನ ಆಟಗಾರರು ಸರಸರನೆ ಬದಿಗೆ ಸರಿದು ದಾರಿ ಬಿಟ್ಟರು. ಅವರು ಕೈಕುಲುಕಿದಾಗ ಒಬ್ಬನ ಕೈಗವಸು ಕೆಳಗೆ ಬಿತ್ತು. ಮೊದಲು ಸ್ಟೆಫಾಗೆ ಸಿಟ್ಟು ಬಂತು. ಎರಡನೆಯ ಸರದಿಯ ಹೊತ್ತಿಗೆ ಸಿಟ್ಟು ಇಳಿದು ಕುತೂಹಲ ಹುಟ್ಟಿತು. ಅವರು ವೃತ್ತದ ಹಿಂದೆ ಬಂದು ನಿಂತಾಗಲೆಲ್ಲ ಎದುರಾಳಿಯ ಕಲ್ಲು ಗುರಿ ತಪ್ಪುತ್ತಿತ್ತು! ಆಮೇಲಾಮೇಲೆ ಅವರು ಕಲ್ಲಿನ ಮುಂದೆ ಮಂಜು ಉಜ್ಜುವ ಪೊರಕೆ ಊರಿಕೊಂಡು ಅಲ್ಲೇ ಬೀಡುಬಿಟ್ಟರು.

ಕೊನೆಯ ಸರದಿ. ಎರಡೂ ತಂಡ ಸಮ. ವೃತ್ತದ ನಡುವಿನಲ್ಲಿ ಸ್ಟೆಫಾ ತಂಡದ ಕಲ್ಲು ಕೂತಿದೆ, ಕೊನೆಯ ಕಲ್ಲು ಗಾರ್ತ್‌ನ ಕೈಯಲ್ಲಿ. ಕಣ್ಣು ಮುಚ್ಚಿ ಜಾರಿಸಿದರೂ ಹೊಡೆದು ತೆಗೆಯುವ ಆಟಗಾರ ಅವನು. ಕ್ಲಬ್ಬಿಗೆ ಕ್ಲಬ್ಬೇ ಗಾಜಿನ ಹಿಂದೆ ಮೂಗು ಒತ್ತಿ ನಿಂತಿತ್ತು. ಗಾರ್ತ್ ಬಗ್ಗಿದ, ಆಚೆ ತುದಿ ನೋಡಿದ, ಎದ್ದು ನಿಂತ.

"ಸ್ಟೆಫಾ! ಸ್ವಲ್ಪ ಆಚೆ ನಿಲ್ತೀರಾ, ದಯವಿಟ್ಟು?"

"ನಿಯಮದ ಪ್ರಕಾರ ನಾನು ಇಲ್ಲೇ ನಿಲ್ಲಬಹುದು ಗಾರ್ತ್," ಎಂದರು ಸ್ಟೆಫಾ ಜೇನು ಸುರಿವ ದನಿಯಲ್ಲಿ, ಮತ್ತು ಮೆಲ್ಲಗೆ ಒಂದು ಹೆಜ್ಜೆ ಮುಂದೆ ಇಟ್ಟರು.

ಗಾರ್ತ್ ಜಾರಿಸಿದ. ಕಲ್ಲು ಮುದ್ದಾಗಿ, ನೇರವಾಗಿ, ಎಲ್ಲರ ಉಸಿರನ್ನೂ ಎಳೆದುಕೊಂಡು ಬಂತು, ವೃತ್ತದ ಅಂಚು ಸವರಿಕೊಂಡು ಏನನ್ನೂ ಮುಟ್ಟದೆ ಆಚೆ ಹೋಯಿತು! ಕ್ಲಬ್ಬು ಬಿರಿಯುವಂತೆ ಚಪ್ಪಾಳೆ. ನಡೀನ್ ಪೊರಕೆ ಎಸೆದು ನಾಯಕಿಯನ್ನು ಅಪ್ಪಿಕೊಂಡಳು.

ಮರ್ವಿನ್‌ಗೆ ಆನಂದ ತಡೆಯಲಾಗಲಿಲ್ಲ. ಅತ್ತೆಯ ಕಳಂಕ ತೊಳೆಯಲು ಇದೇ ಸಮಯ ಎಂದುಕೊಂಡು, ಮೈಕ್ ಎಳೆದುಕೊಂಡು ಮೇಜಿನ ಮೇಲೆ ಹತ್ತಿದ. "ಎಲ್ಲರೂ ಕೇಳಿ! ನಮ್ಮತ್ತೆ ಗೆದ್ದದ್ದು ಆಟದಿಂದ, ಅವರಲ್ಲಿ ಯಾವ ಕಾಲ್ಗುಣವೂ ಇಲ್ಲ! ನಿಜ ಏನಂದ್ರೆ, ಆ ಟೈಮರ್..."

ಹಿಂದಿನಿಂದ ಯಾರೋ ಅವನ ಅಂಗಿ ಹಿಡಿದು ಕೆಳಕ್ಕೆ ಎಳೆದರು. ತಿರುಗಿ ನೋಡಿದರೆ ಅತ್ತೆ. ಮುಖ ತುಂಬ ನಗು, ಹಿಡಿತ ಮಾತ್ರ ಉಡದ್ದು. ಕಿವಿಯ ಹತ್ತಿರ ಬಾಯಿ ತಂದು ಹೇಳಿದರು:

"ಅಳಿಯಂದ್ರೇ, ಇನ್ನೂ ಸೆಮಿಫೈನಲ್ ಇದೆ, ಫೈನಲ್ ಇದೆ. ಕಪ್ ನನ್ನ ಕೈಗೆ ಬರೋವರೆಗೂ ನಿಮ್ಮ ಬಾಯಿಂದ ಒಂದೇ ಒಂದು ನಿಜ ಹೊರಗೆ ಬಂದ್ರೆ, ನೋಡಿ ಮತ್ತೆ!"